ಮಡಿಲಲ್ಲಿ ನಕಾಶೆ

ಜರಿಮರಿಯ ಈ ಒಂದೂವರೆ ಖೋಲಿಯಲ್ಲಿ
ಫ್ರಿಜ್ಜಿಗೂ ಕಪಾಟಿಗೂ ನಡುವೆ
ಒಂದು ಕಾಕ್‌ಪಿಟ್ ಇದೆ.
ಪ್ಲೈವುಡ್ ಹಲಗೆ, ಚೋರ್ ಬಜಾರಿನ ಮಾನಿಟರು,
ಹಿಡಿ ಸಡಿಲಾದ ಜಾಯ್‌ಸ್ಟಿಕ್ಕು.
ಸೀಟು ಮಾತ್ರ ನಿಜವಾದದ್ದು,
ಮಾರುತಿ ವ್ಯಾನಿನದು.

ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಂಡರೆ
ನಾನು ಕೋ-ಪೈಲಟ್.
ಬೆರಳಿನಿಂದ ಬಂಗುಡೆಯ ವಾಸನೆ ಇನ್ನೂ ಹೋಗಿರುವುದಿಲ್ಲ;
ಟ್ಯಾಬಿನ ಗಾಜಿಗೆ ಮೂಗಿಲ್ಲ.

ಟ್ಯಾಬು ಯತಿನನ ಹಳೆಯದು, ಮೂಲೆ ಒಡೆದದ್ದು.
ಅದರಲ್ಲೊಂದು ಆ್ಯಪು, ಬೇರೆಯೇ ಸಂಸಾರ ಅದರದು,
ಆಟದ ಮಶೀನಿಗೂ ಅದಕ್ಕೂ ವೈಫೈಯಷ್ಟೇ ನಂಟು.
ನಕಾಶೆ, ಗಾಳಿಯ ದಿಕ್ಕು, ರನ್‌ವೇಯ ಉದ್ದ,
ನಡುವೆ ಅಕ್ಕಿಕಾಳಿನಷ್ಟು ಹಳದಿ ವಿಮಾನ.
“ಫ್ಲಾಪು?” ಎಂದು ನಾನು.
“ಐದು” ಎಂದು ಇವರು.
“ಲೈಟು?” “ಹಾಕಿದೆ.” “ಬೆಲ್ಟು?”
ಇವರು ನಗುತ್ತಾರೆ.
ವ್ಯಾನಿನ ಬೆಲ್ಟು ಯಾವ ಕಾಲಕ್ಕೋ ಹರಿದಿದೆ.

ಹೋಗುವುದು ಊರಿಗಲ್ಲ, ಲಂಡನ್ನಿಗೂ ಅಲ್ಲ,
ರಾಜಕೋಟಕ್ಕೆ.
ಹತ್ತೊಂಬತ್ತು ವರ್ಷ ಇವರು ಕೇಟರಿಂಗಿನ ಲಾರಿ ಓಡಿಸಿದವರು:
ಲಾರಿಯ ಡಬ್ಬವನ್ನು ಕತ್ತರಿಗಾಲಿನ ಮೇಲೆ ಎತ್ತಿ,
ವಿಮಾನದ ಬಾಗಿಲಿಗೆ ಬಾಗಿಲು ಹಚ್ಚಿ,
ಬೆಳಗಿನ ರಾಜಕೋಟದ ಉಪ್ಪಿಟ್ಟು ಒಳಗೆ ಕೊಟ್ಟು,
ಖಾಲಿ ಟ್ರಾಲಿ ಎಳೆದುಕೊಂಡು, ಇಳಿದು, ಹಿಂದೆ ಸರಿದು...
“ಅಷ್ಟೇ” ಎನ್ನುತ್ತಾರೆ.
“ಹೊಸ್ತಿಲಿನವರೆಗೆ.”

ಕಳೆದ ತಿಂಗಳು ಯತಿನ ಬಂದ, ಪೆನ್‌ಡ್ರೈವ್ ಹಿಡಿದು.
“ಮಾಮಿ, ಹೊಸ ವರ್ಶನ್ನಿನಲ್ಲಿ ಎಲ್ಲ ಒಳಗೇ ಇದೆ.
ಬಟನ್ ಒತ್ತಿದರೆ ಪರದೆಯ ಮೂಲೆಯಲ್ಲೇ ನಕಾಶೆ.
ಚೆಕ್‌ಲಿಸ್ಟು ತಾನೇ ಓದುತ್ತದೆ, ತಾನೇ ಟಿಕ್ಕು ಹಾಕುತ್ತದೆ.
ಇನ್ನು ಯಾಕೆ ಇದು?”
ಅವನು ಹೇಳಿದ್ದು ಟ್ಯಾಬಿನ ಬಗ್ಗೆ ಮಾತ್ರ.

ಹದಿನಾರು ರಾತ್ರಿ ನಾನು ಧಾರಾವಾಹಿ ನೋಡಿದೆ.
ಒಳಗಿನವಳು ಓದುತ್ತಿದ್ದಳು, ದೂರದೇಶದ ಉಚ್ಚಾರ,
ತಪ್ಪಿಲ್ಲ, ತಡವಿಲ್ಲ, ಕೆಮ್ಮಿಲ್ಲ.
ಸುಳ್ಳು ಯಾಕೆ, ನನಗಿಂತ ಚೆನ್ನಾಗಿಯೇ ಓದುತ್ತಿದ್ದಳು.
ಇವರು ಪರದೆಯಿಂದ ಕಣ್ಣು ತೆಗೆಯಬೇಕಾಗಿರಲಿಲ್ಲ,
ಕತ್ತು ತಿರುಗಿಸಬೇಕಾಗಿರಲಿಲ್ಲ.
ಆಕಾಶದ ಕಾಲುಭಾಗ ಮಾತ್ರ
ನಕಾಶೆಯ ಹಿಂದೆ ಹೋಗಿತ್ತು.

ಶುಕ್ರವಾರ ಧಾರಾವಾಹಿ ಇರಲಿಲ್ಲ, ಕ್ರಿಕೆಟ್ಟಂತೆ.
ಸುಮ್ಮನೆ ಟ್ಯಾಬು ತೆಗೆದೆ, ಧೂಳೊರೆಸಿ.
ಯಾರೂ ಕರೆಯದಿದ್ದರೂ ಹಳದಿ ವಿಮಾನ ಬಂದಿತು:
ಜುಹೂ ದಾಟಿ ಕಡಲಿಗೆ ಬಿದ್ದು, ಬಲಕ್ಕೆ ಹೊರಳಿ,
ವಸಯಿಯ ಖಾಡಿಯನ್ನು ದೂರದಿಂದ ನೋಡಿ ಮೇಲೇರಿತು.
ನಾನು ಬಾಯಿ ಬಿಡಲಿಲ್ಲ.
ಮಡಿಲಲ್ಲಿ ಅದು ನಡೆಯುತ್ತಿತ್ತು,
ಗುಬ್ಬಿಯೊಂದು ಅಂಗಳ ದಾಟುವ ಹಾಗೆ.

ಆಗ ಮಶೀನು ನಿಂತಿತು.
ಒಳಗಿನವಳು “ಕ್ಯಾಬಿ...” ಅಂದಳು, ಅಲ್ಲಿಗೇ ಮುಗಿದಳು.
ಮೋಡ, ಕಡಲು, ಮೂಲೆಯ ನಕಾಶೆ, ಎಲ್ಲ ಒಟ್ಟಿಗೇ ಕಪ್ಪು.
ಫ್ಯಾನು ಮಾತ್ರ ಉಬ್ಬಸದಲ್ಲಿ ತಿರುಗುತ್ತಿತ್ತು.

ಇವರು ಆ ಕಪ್ಪನ್ನೇ ನೋಡುತ್ತಾ ಕೇಳಿದರು:
“ಎಲ್ಲಿದ್ದೆವು?”

ಗಾಜಿನ ಮೇಲೆ ಕೆಂಪು ಪಟ್ಟಿ: ಸಂಪರ್ಕವಿಲ್ಲ.
ಅದರ ಕೆಳಗೆ ಹಳದಿ ವಿಮಾನ ನಿಂತೇ ಇತ್ತು,
ತನ್ನ ಲೋಕ ಆರಿಹೋದದ್ದು ಗೊತ್ತಿಲ್ಲದೆ.
“ಖಂಭಾತ್ ಕೊಲ್ಲಿಯ ಬಾಯಿ” ಅಂದೆ.
“ಹನ್ನೊಂದು ಸಾವಿರ ಅಡಿ. ಎಡಕ್ಕೆ ದೀವ್.”

ಮಾಡಿನ ಮೇಲೆ ನಿಜದ್ದೊಂದು ಇಳಿಯಿತು,
ಕಪಾಟಿನ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿದವು.
ವ್ಯಾನಿನ ಸೀಟು ಕಿರ್ರೆಂದು ನನ್ನತ್ತ ತಿರುಗಿತು.
“ಗಾಳಿ?” ಎಂದರು.
“ಪಶ್ಚಿಮದ್ದು. ಹದಿನೆಂಟು.”

ಯತಿನನಿಗೆ ಇದನ್ನು ಹೇಳಿಲ್ಲ,
ಹೇಳಿದರೆ ಸೆಟ್ಟಿಂಗ್ ನೋಡಲು ಓಡಿ ಬರುತ್ತಾನೆ.
ಮಶೀನು ಮತ್ತೆ ಏಳುವ ತನಕ
ಹನ್ನೊಂದು ಸಾವಿರ ಅಡಿಯಲ್ಲಿ ನಾವಿಬ್ಬರೂ
ನಿಂತೇ ಇದ್ದೆವು,
ಹಿಂದೆಲ್ಲೋ ಟ್ರಾಲಿಯಲ್ಲಿ
ಉಪ್ಪಿಟ್ಟು ಆರುತ್ತಿತ್ತು.